ಎ.ಕೆ. ರಾಮಾನುಜನ್: ಅಂಕಿತವನ್ನು ಅನುವಾದಿಸಬೇಕೆ, ಅಜ್ಜಿಕಥೆಗೆ ಹೆಸರಿಡಬೇಕೆ?

ಅರಳಿಕಟ್ಟೆ:
ವಚನಗಳನ್ನು ಇಂಗ್ಲಿಷಿಗೆ ತರಲು ಹೊರಟವರು ಯಾರೇ ಆಗಲಿ, ಕವಿ, ಜನಪದ ವಿದ್ವಾಂಸ ಎ.ಕೆ. ರಾಮಾನುಜನ್ ಅವರ 1973ರ ವಚನಾನುವಾದ ‘ಸ್ಪೀಕಿಂಗ್ ಆಫ್ ಶಿವ’ವನ್ನು ದಾಟಿಯೇ ಮುಂದೆ ಹೋಗಬೇಕು. ಜನಪದ ಕಥೆಗಳನ್ನು ದಾಖಲಿಸುವವರಿಗೂ ಅದೇ ಪಾಡು, ಅಲ್ಲಿಯೂ ರಾಮಾನುಜನ್ ಎದುರಾಗುತ್ತಾರೆ. ಅವರ ಪ್ರಭಾವದ ಬಗ್ಗೆ ಹೊಗಳಿಕೆ ಬೇಕಾದಷ್ಟಿದೆ. ಕೆಲಸಕ್ಕೆ ಕೂತಾಗ ಏನು ಮಾಡಬೇಕು ಎನ್ನುವುದು ಮಾತ್ರ ಸಿಗುವುದಿಲ್ಲ. ಅದಕ್ಕೇ ಎರಡು ನೇರ ಪ್ರಶ್ನೆ:

ವಚನದ ಅಂಕಿತವನ್ನು, ಅಂದರೆ ವಚನಕಾರರು ಸಹಿಯಂತೆ ಬಳಸುವ ಇಷ್ಟದೈವದ ಹೆಸರನ್ನು, ಅವರಂತೆ ಅರ್ಥ ಬಿಡಿಸಿ ಅನುವಾದಿಸುವುದು ಸರಿಯೇ? ಕಥೆ ಬರೆದಿಡುವಾಗ ಅವರ ಯಾವ ಅಭ್ಯಾಸಗಳನ್ನು ಇಂದಿಗೂ ಪಾಲಿಸಬೇಕು, ಯಾವುದನ್ನು ಬಿಡಬೇಕು?

ಮಲಪ್ರಭೆ:
ಮೊದಲು ಒಂದು ವಿಷಯ ಸ್ಪಷ್ಟವಾಗಲಿ: ರಾಮಾನುಜನ್ ಎಲ್ಲ ಅಂಕಿತಗಳನ್ನೂ ಅನುವಾದಿಸಿಲ್ಲ. ಆ ಪುಸ್ತಕದಲ್ಲಿರುವುದು ನಾಲ್ವರು: ಬಸವಣ್ಣ, ದೇವರ ದಾಸಿಮಯ್ಯ, ಮಹಾದೇವಿಯಕ್ಕ, ಅಲ್ಲಮ. ಕೂಡಲಸಂಗಮದೇವ ‘ಲಾರ್ಡ್ ಆಫ್ ದಿ ಮೀಟಿಂಗ್ ರಿವರ್ಸ್’ ಆದ, ಚೆನ್ನಮಲ್ಲಿಕಾರ್ಜುನ ‘ಲಾರ್ಡ್ ವೈಟ್ ಆ್ಯಸ್ ಜಾಸ್ಮಿನ್’ ಆದ, ಗುಹೇಶ್ವರ ‘ಲಾರ್ಡ್ ಆಫ್ ಕೇವ್ಸ್’ ಆದ. ದಾಸಿಮಯ್ಯನ ರಾಮನಾಥ ಮಾತ್ರ ರಾಮನಾಥನಾಗಿಯೇ ಉಳಿದ. ಒಂದೇ ಪುಸ್ತಕದಲ್ಲಿ ಎರಡು ದಾರಿ. ಅದನ್ನು ಅನುಕರಿಸುವವರು ಮೂರನ್ನು ನೋಡಿ ನಾಲ್ಕನೆಯದನ್ನು ಮರೆಯುತ್ತಾರೆ.

ಈಗ ಒಂದೊಂದಾಗಿ ತೂಗಿ ನೋಡಿ. ಕೂಡಲಸಂಗಮದಲ್ಲಿ ‘ಕೂಡಲ’ವೂ ಕೂಡುವುದೇ, ‘ಸಂಗಮ’ವೂ ಕೂಡುವುದೇ. ನದಿಗಳು ಸೇರುವ ಚಿತ್ರ ಹೆಸರಿನೊಳಗೇ ಇದೆ, ಹಾಗಾಗಿ ಅನುವಾದ ಅಲ್ಲಿ ಸುಳ್ಳು ಹೇಳುವುದಿಲ್ಲ. ಆದರೆ ಅದು ಕೃಷ್ಣೆ ಮಲಪ್ರಭೆ ಸೇರುವ ಒಂದು ಊರು, ಇಂದಿಗೂ ಜನ ಬಸ್ಸು ಹಿಡಿದು ಹೋಗುವ ಜಾಗ. ಇಂಗ್ಲಿಷಿನಲ್ಲಿ ಊರು ಹೋಯಿತು, ಚಿತ್ರ ಉಳಿಯಿತು. ಚೆನ್ನಮಲ್ಲಿಕಾರ್ಜುನದಲ್ಲಿ ನಷ್ಟ ಇನ್ನೂ ಹೆಚ್ಚು. ಮಲ್ಲಿಕಾ, ಅರ್ಜುನ ಎಂದು ಬಿಡಿಸಿದರೆ ಮಲ್ಲಿಗೆಯಂತೆ ಬಿಳುಪಾದವನು ಎಂಬ ಅರ್ಥ ಬರುತ್ತದೆ, ಒಪ್ಪೋಣ. ‘ಚೆನ್ನ’ ಎಲ್ಲಿ ಹೋಯಿತು? ಅಕ್ಕ ಹಾಡಿದ್ದೇ ಚೆಲುವನಿಗೆ. ಮಲ್ಲಿಕಾರ್ಜುನನ ಹೆಸರಿನ ಮೊದಲಿಗೆ ಬರುವ ಆ ಎರಡಕ್ಷರದಲ್ಲೇ ಅವಳ ಸಲಿಗೆ ಇರುವುದು.

ನನ್ನ ಮಾತು ಇಷ್ಟೇ: ಹೆಸರಿನ ಅರ್ಥ ಆ ವಚನದೊಳಗೆ ಕೆಲಸ ಮಾಡುತ್ತಿದ್ದರೆ ಅನುವಾದಿಸಿ, ಇಲ್ಲದಿದ್ದರೆ ಹೆಸರನ್ನು ಹಾಗೇ ಬಿಡಿ. ಇಪ್ಪತ್ತು ವಚನ ಇದ್ದರೆ ಇಪ್ಪತ್ತು ಸಲ ನಿರ್ಧಾರ ಮಾಡಬೇಕಾಗುತ್ತದೆ. ತಪ್ಪಿಸಿಕೊಳ್ಳಲು ದಾರಿಯಿಲ್ಲ.

ತಾಳೆಗರಿ:
ಅಂಕಿತಕ್ಕೆ ಮೊದಲು ಪಾಠ. ಯಾವ ಆವೃತ್ತಿ ಹಿಡಿದಿದ್ದೀರಿ ಎಂದು ಹಾಳೆಯ ತಲೆಯಲ್ಲೇ ಬರೆದುಕೊಳ್ಳಿ. ರಾಮಾನುಜನ್ ಕೊಟ್ಟಿರುವ ಸಂಖ್ಯೆಗಳು ತಾವು ಬಳಸಿದ ಕನ್ನಡ ಆವೃತ್ತಿಗಳ ಸಂಖ್ಯೆಗಳು, ಬಸವಣ್ಣನಿಗೆ ಸಂಪಾದಕ ಬಸವನಾಳರದ್ದು. ಈಗ ಎಲ್ಲರ ಕೈಯಲ್ಲಿರುವುದು 15 ಸಂಪುಟಗಳ ಸಮಗ್ರ ವಚನ ಸಂಪುಟ. ಅದರ ಕ್ರಮಸಂಖ್ಯೆ ಬೇರೆ. ಸಂಖ್ಯೆ ನೋಡಿ ಮೂಲ ಹುಡುಕಿದರೆ ಇನ್ಯಾವುದೋ ವಚನ ಸಿಗುತ್ತದೆ, ಆಮೇಲೆ ‘ರಾಮಾನುಜನ್ ಇಷ್ಟೊಂದು ಬದಲಿಸಿದ್ದಾರೆಯೇ’ ಎಂಬ ತಪ್ಪು ತೀರ್ಮಾನ. ಮೊದಲ ಸಾಲನ್ನು ಹಿಡಿದು ಅಕಾರಾದಿಯಲ್ಲಿ ಹುಡುಕಿ.

ಇನ್ನು ಸಾಲು ಒಡೆಯುವುದು. ತಾಳೆಗರಿಯಲ್ಲಿ ವಚನಕ್ಕೆ ಸಾಲಿಲ್ಲ, ಒಂದೇ ಓಟ. ಅಚ್ಚಿಗೆ ಬಂದಾಗ ಸಂಪಾದಕರು ಅಲ್ಪವಿರಾಮ ಹಾಕಿದರು, ಸಾಲು ಮಾಡಿದರು. ರಾಮಾನುಜನ್ ಇನ್ನೂ ಮುಂದೆ ಹೋಗಿ, ಪುಟದ ಮೇಲೆ ಮೆಟ್ಟಿಲಿಟ್ಟಂತೆ ಸಾಲುಗಳನ್ನು ಒಳಸರಿಸಿದರು. ಇಪ್ಪತ್ತನೆಯ ಶತಮಾನದ ಇಂಗ್ಲಿಷ್ ಕಾವ್ಯ ಓದುವ ಕಣ್ಣಿಗೆ ಅದು ತಕ್ಷಣ ಒಗ್ಗಿತು. ವಚನ ಜಗತ್ತಿಗೆ ಹೋದದ್ದು ಆ ವೇಷದಲ್ಲಿ.

ಬಸವಣ್ಣನ 820ನೆಯ ವಚನವನ್ನೇ ತೆಗೆದುಕೊಳ್ಳಿ (ಸಂಖ್ಯೆ ಬಸವನಾಳರದ್ದು):

ಉಳ್ಳವರು ಶಿವಾಲಯವ ಮಾಡುವರು
ನಾನೇನ ಮಾಡುವೆ ಬಡವನಯ್ಯಾ
ಎನ್ನ ಕಾಲೇ ಕಂಬ, ದೇಹವೇ ದೇಗುಲ
ಶಿರವೇ ಹೊನ್ನ ಕಳಸವಯ್ಯಾ
ಕೂಡಲಸಂಗಮದೇವಾ ಕೇಳಯ್ಯಾ
ಸ್ಥಾವರಕ್ಕಳಿವುಂಟು ಜಂಗಮಕ್ಕಳಿವಿಲ್ಲ

ಮೂರನೆಯ ಸಾಲಿಗೆ ಕ್ರಿಯಾಪದವೇ ಇಲ್ಲ. ‘ಕಾಲೇ ಕಂಬ’, ಮುಗಿಯಿತು. ಇಂಗ್ಲಿಷಿಗೆ ಅದು ಸಾಲದು, ನಡುವೆ ಒಂದು ‘ಆರ್’ ಬೇಕು. ರಾಮಾನುಜನ್ ಅದನ್ನು ಒಮ್ಮೆ ಮಾತ್ರ ಹಾಕಿ, ದೇಹಕ್ಕೂ ತಲೆಗೂ ಹಾಕದೆ ಬಿಟ್ಟರು. ಆ ಬಿಡುವಿಕೆಯಲ್ಲೇ ಕನ್ನಡದ ಬಿರುಸು ಉಳಿದಿದೆ. ಕಳೆದದ್ದು ‘ಏ’ಕಾರ. ಕಾಲೇ, ದೇಹವೇ, ಶಿರವೇ ಎಂದು ಮೂರು ಸಲ ಒತ್ತಿ ಹೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಜಾಗ ಸಿಗಲಿಲ್ಲ. ಕಳಸ ‘ಕ್ಯುಪೋಲ’ ಆದದ್ದು ನನಗೆ ಒಪ್ಪಿಗೆಯಿಲ್ಲ. ಕ್ಯುಪೋಲ ಎಂದರೆ ಗುಮ್ಮಟ. ಕಳಸ ಶಿಖರದ ತುದಿಗೆ ಕೂರಿಸುವ ಲೋಹದ ಕುಂಭ, ಕೊನೆಗೆ ಏರಿಸುವಂಥದ್ದು. ಗುಡಿ ಕಟ್ಟಿ ಮುಗಿಯಿತು ಎನ್ನುವುದಕ್ಕೆ ಅದೇ ಗುರುತು. ಬಡವನ ತಲೆಗೆ ಆ ಮಾತು ಬಂದದ್ದು ಸುಮ್ಮನೆ ಅಲ್ಲ.

ಕೊನೆಯ ಸಾಲಿಗೆ ಮಾತ್ರ ತಲೆಬಾಗಬೇಕು. ಸ್ಥಾವರಕ್ಕೆ ‘ಸ್ಟ್ಯಾಂಡಿಂಗ್’, ಉಳಿಯುವುದಕ್ಕೆ ‘ಸ್ಟೇ’. ಸಂಸ್ಕೃತದ ‘ಸ್ಥಾ’ ಮತ್ತು ಆ ಇಂಗ್ಲಿಷ್ ಮಾತುಗಳು ಒಂದೇ ಬೇರಿನವು, ಮುನ್ನುಡಿಯಲ್ಲಿ ಅವರೇ ಅದನ್ನು ತೋರಿಸಿಕೊಟ್ಟಿದ್ದಾರೆ. ‘ಜಂಗಮ’ ಎಂದರೆ ಮನೆಬಾಗಿಲಿಗೆ ಬರುವ ಜಂಗಮಯ್ಯನೂ ಹೌದು ಎನ್ನುವುದು ಪದ್ಯದಲ್ಲಿ ಬರಲಾರದು. ಅದನ್ನೂ ಮುನ್ನುಡಿಗೆ ಸಾಗಿಸಿದರು. ಪದ್ಯಕ್ಕೆ ಹೊರಲಾಗದ ಭಾರವನ್ನು ಮುನ್ನುಡಿಗೆ ಹೊರಿಸುವುದು ಅವರ ಮುಖ್ಯ ಅಭ್ಯಾಸಗಳಲ್ಲೊಂದು. ಮುನ್ನುಡಿ ಬಿಟ್ಟು ಪದ್ಯ ಮಾತ್ರ ಎತ್ತಿ ಹಂಚುವವರಿಂದಲೇ ಅರ್ಧ ತಕರಾರು ಹುಟ್ಟುವುದು.

ಬಯಲು:
ತಕರಾರು ಅಷ್ಟಕ್ಕೇ ತೀರುವುದಿಲ್ಲ ತಾಳೆಗರಿಯವರೇ. ತೇಜಸ್ವಿನಿ ನಿರಂಜನ ಅವರು 1992ರ ‘ಸೈಟಿಂಗ್ ಟ್ರಾನ್ಸ್‌ಲೇಷನ್’ನ ಕೊನೆಯ ಅಧ್ಯಾಯದಲ್ಲಿ ಅಲ್ಲಮನ ಒಂದೇ ವಚನ ಹಿಡಿದು ಇಡೀ ವಾದ ಕಟ್ಟಿದ್ದಾರೆ. ವಸಾಹತು ಕಾಲದಿಂದ ಅನುವಾದವು ನಮ್ಮನ್ನು ಹೇಗೆ ‘ತಿಳಿಯಾಗಿ’ ಕಾಣಿಸುತ್ತ ಬಂದಿದೆ ಎಂಬ ಪ್ರಶ್ನೆಗೆ ಅವರು ಉದಾಹರಣೆ ಮಾಡಿಕೊಂಡದ್ದು ರಾಮಾನುಜನ್ ಅನುವಾದವನ್ನೇ. ವಚನ ಇದು:

ನಿಮ್ಮ ತೇಜವ ನೋಡಲೆಂದು ಹೆರಸಾರಿ ನೋಡುತ್ತಿರಲು
ಶತಕೋಟಿ ಸೂರ್ಯರು ಮೂಡಿದಂತಿರ್ದುದಯ್ಯಾ
ಮಿಂಚಿನ ಬಳ್ಳಿಯ ಸಂಚವ ಕಂಡಡೆ
ಎನಗಿದು ಚೋದ್ಯವಾಯಿತ್ತಯ್ಯಾ
ಗುಹೇಶ್ವರಾ, ನೀನು ಜ್ಯೋತಿರ್ಲಿಂಗವಾದಡೆ
ಉಪಮಿಸಿ ನೋಡಬಲ್ಲವರಿಲ್ಲಯ್ಯಾ

ರಾಮಾನುಜನ್‌ರಲ್ಲಿ ‘ತೇಜ’ವೂ ‘ಲೈಟ್’, ‘ಜ್ಯೋತಿರ್ಲಿಂಗ’ವೂ ‘ಲೈಟ್’. ಮೊದಲ ಸಾಲಿನ ತೇಜಕ್ಕೂ ಕೊನೆಯ ಜ್ಯೋತಿರ್ಲಿಂಗಕ್ಕೂ ನಡುವೆ ಆಗುವ ಸಂಗತಿಯೇ ವಚನ. ಎರಡಕ್ಕೂ ಒಂದೇ ಮಾತು ಬಳಸಿದರೆ ಆ ನಡಿಗೆಯೇ ಇಲ್ಲವಾಗುತ್ತದೆ. ಲಿಂಗ ಎಂಬ ಮಾತು ಹೋದಾಗ ಶರಣರ ಸಾಧನೆಯ ನಡುಗಂಬವೂ ಹೋಯಿತು. ‘ಮಿಂಚಿನ ಬಳ್ಳಿ’ ನರಗಳ ಗಂಟನ್ನು ಹೇಳುವ ‘ಗ್ಯಾಂಗ್ಲಿಯನ್’ ಆಯಿತು. ಬಳ್ಳಿ ಹಬ್ಬುವಂಥದ್ದು, ಗಂಟು ಬಿಗಿಯುವಂಥದ್ದು.

ನಾನು ಇನ್ನೆರಡನ್ನು ಸೇರಿಸುತ್ತೇನೆ. ‘ಹೆರಸಾರು’ ಎಂದರೆ ಹಿಂದಕ್ಕೆ ಸರಿಯುವುದು. ತೇಜ ಹೆಚ್ಚಾದಾಗ ಕಣ್ಣಿಗೆ ತಾಳದೆ ಸರಿದು ನಿಂತು ನೋಡುವ ಚಲನೆ ಅದರಲ್ಲಿದೆ. ರಾಮಾನುಜನ್ ಅದನ್ನು ‘ಹೊರಗೆ ಹೋದೆ’ ಎಂದಾಗ ಅದು ಹುಡುಕಾಟದ ಕಥೆಯಾಗುತ್ತದೆ. ಎರಡನೆಯದು, ‘ಉಪಮಿಸಿ ನೋಡಬಲ್ಲವರಿಲ್ಲ’ ಎನ್ನುವಲ್ಲಿ ಜನರಿದ್ದಾರೆ: ಹೋಲಿಸಿ ನೋಡುವ ಸಾಮರ್ಥ್ಯ ಇರುವವರು ಯಾರೂ ಇಲ್ಲ. ‘ರೂಪಕ ಸಾಧ್ಯವಿಲ್ಲ’ ಎಂದಾಗ ಜನ ಮಾಯವಾಗಿ ಕಾವ್ಯಶಾಸ್ತ್ರ ಉಳಿಯಿತು.

ಮಲಪ್ರಭೆ:
ಒಪ್ಪುತ್ತೇನೆ, ಪೂರ್ತಿ ಅಲ್ಲ. ‘ಜ್ಯೋತಿರ್ಲಿಂಗ’ ಎಂದು ಹಾಗೇ ಬರೆದರೆ ಹೊರಗಿನ ಓದುಗನಿಗೆ ಹನ್ನೆರಡು ಜ್ಯೋತಿರ್ಲಿಂಗ ಕ್ಷೇತ್ರಗಳ ಯಾತ್ರೆ ನೆನಪಾಗುತ್ತದೆ, ಅಲ್ಲಮ ಹೇಳಿದ್ದು ಅದಲ್ಲವೇ ಅಲ್ಲ. ಮೂಲಪದ ಉಳಿಸಿದ ಮಾತ್ರಕ್ಕೆ ಮೂಲ ಉಳಿಯುವುದಿಲ್ಲ. ದಾಸಿಮಯ್ಯನ ‘ಮೊಲೆ ಮುಡಿ ಬಂದಡೆ ಹೆಣ್ಣೆಂಬರು’ ವಚನದಲ್ಲಿ ‘ನಡುವೆ ಸುಳಿವಾತ್ಮ’ಕ್ಕೆ ಅವರು ‘ಹವರ್ಸ್’ ಎಂಬ ಕ್ರಿಯಾಪದ ಹುಡುಕಿದ್ದನ್ನು ನೋಡಿ. ಸುಳಿಯುವುದಕ್ಕೆ ಅದಕ್ಕಿಂತ ಹತ್ತಿರದ ಇಂಗ್ಲಿಷ್ ನನಗೆ ಇದುವರೆಗೆ ಹೊಳೆದಿಲ್ಲ. ‘ಆತ್ಮ’ವನ್ನು ಆತ್ಮ ಎಂದೇ ಬಿಟ್ಟಿದ್ದರೆ ಕಣ್ಣು ಅಲ್ಲೇ ನಿಂತು, ಸುಳಿಯುವುದು ಕಾಣುತ್ತಿರಲಿಲ್ಲ.

ತಾಳೆಗರಿ:
ಈ ಅನುವಾದಗಳು ಎಲ್ಲಿಗೆ ಮುಟ್ಟಿದವು ಎನ್ನುವುದಕ್ಕೆ ಒಂದು ಗುರುತು: ಇಂಗ್ಲೆಂಡಿನ ಕವಿ ಟೆಡ್ ಹ್ಯೂಸ್ ಇವನ್ನು ಓದಿ ತನ್ನ ಟಿಪ್ಪಣಿ ಪುಸ್ತಕದಲ್ಲಿ ವಚನಗಳನ್ನೇ ಬರೆಯಲು ತೊಡಗಿದ. 1977ರ ‘ಗೌಡೆಟೆ’ಯ ಕೊನೆಯಲ್ಲಿ ಬರುವ ಕಿರುಪದ್ಯಗಳ ಹಿಂದೆ ಇರುವುದು ಅವೇ. ಹೆಸರಿಲ್ಲದ ಒಬ್ಬ ದೇವಿಯನ್ನು ಕುರಿತು ನೇರವಾಗಿ ಮಾತಾಡುವ, ಬೈಯುವ, ಬೇಡುವ ಪದ್ಯಗಳು. ವಸಾಹತು ಆಳಿದವರ ಭಾಷೆಯೊಳಗೆ ಹನ್ನೆರಡನೆಯ ಶತಮಾನದ ಕಲ್ಯಾಣದ ಸಂಬೋಧನೆ ಹೋಗಿ ಕೂತಿದೆ. ಹೋದದ್ದು ಸಂಬೋಧನೆ, ಅಂಕಿತ ಹೋಗಲಿಲ್ಲ. ಹೆಸರನ್ನು ಅರ್ಥವಾಗಿ ಕರಗಿಸಿದ್ದರಿಂದಲೇ ಅದು ಸಾಧ್ಯವಾಯಿತು ಎಂಬುದು ನನ್ನ ನಂಬಿಕೆ. ಮಲಪ್ರಭೆಯವರು ಹೇಳಿದ ನಷ್ಟವೂ ಇದೇ, ಲಾಭವೂ ಇದೇ.

ಒಲೆಯಮುಂದೆ:
ಹೆಸರಿನ ಮಾತು ಬಂತಲ್ಲ, ಕಥೆಗಳಲ್ಲಿ ರಾಮಾನುಜನ್ ಮಾಡಿದ್ದು ಇದರ ಇನ್ನೊಂದು ಮುಖ. ತಮಿಳು ಸಂಗಂ ಕಾವ್ಯದ ಅಕಂ, ಪುರಂ ಎಂಬ ವಿಭಜನೆಯನ್ನು ಅವರು ಕನ್ನಡ ಜನಪದಕ್ಕೆ ತಂದರು. ಒಳಮನೆಯಲ್ಲಿ, ಊಟ ಕಾಯುತ್ತ, ಮಕ್ಕಳನ್ನು ಮಲಗಿಸುತ್ತ ಹೆಂಗಸರು ಹೇಳುವ ಕಥೆ ಅಕಂ. ಅದರಲ್ಲಿ ಯಾರಿಗೂ ಹೆಸರಿಲ್ಲ: ‘ಒಬ್ಬ ರಾಜ’, ‘ಒಬ್ಬಳು ಮುದುಕಿ’, ‘ಕಿರಿಯವಳು’. ಗುಡಿಯ ಮುಂದೆ, ಜಾತ್ರೆಯಲ್ಲಿ ವೃತ್ತಿಗಾಯಕರು ಹಾಡುವುದು ಪುರಂ. ಅಲ್ಲಿ ಪ್ರತಿಯೊಬ್ಬನಿಗೂ ಹೆಸರು, ಊರು, ಕುಲ ಇರಲೇಬೇಕು. ಅಕಂ ಕಥೆಯಲ್ಲಿ ಹೆಸರಿರದಿರುವುದು ಕೊರತೆಯಲ್ಲ. ಕೇಳುವ ಸೊಸೆ ತನ್ನನ್ನೇ ಆ ಜಾಗದಲ್ಲಿ ಇಟ್ಟುಕೊಳ್ಳಬಹುದು, ಪಕ್ಕದಲ್ಲಿ ಕೂತ ಅತ್ತೆ ಯಾರ ಬಗ್ಗೆ ಎಂದು ಕೇಳುವ ಹಾಗಿಲ್ಲ.

ಹೂಮರವಾಗುವ ಹುಡುಗಿಯ ಕಥೆಯನ್ನು ಈ ಕಣ್ಣಿನಿಂದ ನೋಡಿ. ಕಥೆಯೊಳಗಿನ ವಿಧಿ ಬಹಳ ನಿಖರ. ಉಗುರು ಸೋಕದಂತೆ ಎರಡು ಕೊಡ ನೀರು ತರಬೇಕು. ಒಂದು ಕೊಡ ಸುರಿದರೆ ಅವಳು ಮರವಾಗುತ್ತಾಳೆ. ಚಿಗುರು ಮುರಿಯದೆ, ಎಲೆ ಹರಿಯದೆ ಹೂ ಕೀಳಬೇಕು. ಎರಡನೆಯ ಕೊಡ ಸುರಿದರೆ ಮತ್ತೆ ಹುಡುಗಿ. ನಾದಿನಿಯೂ ಅವಳ ಗೆಳತಿಯರೂ ಕೊಂಬೆ ಮುರಿದು, ನೀರನ್ನು ಹೇಗೆಂದರೆ ಹಾಗೆ ಚೆಲ್ಲಿ ಹೋದಾಗ ಅವಳು ಕೈಕಾಲಿಲ್ಲದ ಮುಂಡವಾಗಿ ಉಳಿಯುತ್ತಾಳೆ. ಕೊನೆಗೆ ಗಂಡ ಅದೇ ಎರಡು ಕೊಡಗಳ ವಿಧಿಯನ್ನು ಜೋಪಾನವಾಗಿ ಮಾಡಿ, ಮುರಿದದ್ದನ್ನೆಲ್ಲ ಕೂಡಿಸಿ ನಿಲ್ಲಿಸಿದ ಮೇಲೆಯೇ ಅವಳು ಇಡಿಯಾಗುವುದು. ಅಕ್ಕನ ಮುಂದೆ, ತಾಯಿಯ ಮುಂದೆ, ಗಂಡನ ಮುಂದೆ, ನಾದಿನಿಯ ಮುಂದೆ, ಕಡೆಗೆ ಮತ್ತೆ ಗಂಡನ ಮುಂದೆ ಅವಳು ಮರವಾಗುತ್ತಾಳೆ. ಪ್ರತಿ ಸಲವೂ ಎದುರಿಗಿರುವವರು ಎಷ್ಟು ಜೋಪಾನ ಎನ್ನುವುದೇ ಪ್ರಶ್ನೆ. ಕಥೆ ಬರೆದಿಡುವವರು ‘ಆಮೇಲೆ ಹಿಂದಿನಂತೆಯೇ ನೀರು ಹಾಕಿದರು’ ಎಂದು ಚುಟುಕಾಗಿಸಿಬಿಡುತ್ತಾರೆ. ಪುನರುಕ್ತಿ ಎಂದು ಕತ್ತರಿಸಿದ್ದೇ ಕಥೆಯ ಜೀವ.

ತೆರೆಮರೆ:
ರಂಗದ ಕಡೆಯಿಂದ ಒಂದು ಮಾತು. ಒಳಮನೆಯ ಕಥೆ ಹೊಸಿಲು ದಾಟಿದ ತಕ್ಷಣ ಹೆಸರು ಪಡೆಯುತ್ತದೆ. ಗಿರೀಶ ಕಾರ್ನಾಡರು ‘ನಾಗಮಂಡಲ’ಕ್ಕೆ (1988) ಮೂಲವಾದ ಕಥೆಗಳನ್ನು ಕೇಳಿದ್ದು ರಾಮಾನುಜನ್ ಬಾಯಿಂದ. ನಾಟಕದಲ್ಲಿ ಹುಡುಗಿ ರಾಣಿಯಾದಳು, ಗಂಡ ಅಪ್ಪಣ್ಣನಾದ. ಆದರೂ ಅಪ್ಪಣ್ಣ ಎಂದರೆ ಯಾವನೋ ಒಬ್ಬ ಗಂಡಸು ಎನ್ನುವಷ್ಟು ಸಾಮಾನ್ಯ ಹೆಸರು, ಕಾರ್ನಾಡರಿಗೆ ಸೂಕ್ಷ್ಮ ಗೊತ್ತಿತ್ತು. ಹೂಮರದ ಹುಡುಗಿ ಅವರ 1992ರ ಸಿನಿಮಾದಲ್ಲಿ ಚೆಲುವಿಯಾದಳು. ಅಮೆರಿಕದ ಸಂಗೀತ ಸಂಯೋಜಕ ಜಾನ್ ಆ್ಯಡಮ್ಸ್ ಇದೇ ಕಥೆಯನ್ನು 2006ರಲ್ಲಿ ವಿಯೆನ್ನಾದಲ್ಲಿ ಒಪೆರಾ ಮಾಡಿದಾಗ ಕುಮುದಾ ಆದಳು. ಅಲ್ಲಿ ಹಾಡುವವರು ಮೂವರೇ: ಕಥೆ ಹೇಳುವವನು, ಕುಮುದಾ, ರಾಜಕುಮಾರ. ಮೇಳದವರು ವೆನೆಜುವೆಲಾದವರು, ಹಾಡುವುದು ಸ್ಪ್ಯಾನಿಷ್. ಕನ್ನಡದ ಅಡುಗೆಮನೆಯಿಂದ ಹೊರಟ ಕಥೆ ಎಷ್ಟು ಭಾಷೆ ಮೆಟ್ಟಿತು ನೋಡಿ. ಕಥೆ ಹೇಳುವವನನ್ನು ಅವರು ತೆಗೆದುಹಾಕಲಿಲ್ಲ ಎನ್ನುವುದು ನನಗೆ ದೊಡ್ಡದಾಗಿ ಕಾಣುತ್ತದೆ.

ಕಾರ್ನಾಡರೂ ಅದನ್ನೇ ಮಾಡಿದ್ದು. ಕಥೆ ಗೊತ್ತಿದ್ದೂ ಹೇಳದ, ಹಾಡು ಗೊತ್ತಿದ್ದೂ ಹಾಡದ ಹೆಂಗಸಿನ ಜನಪದ ಕಥೆ ಇದೆ. ಅವಳು ಮಲಗಿದಾಗ ಕಥೆ, ಹಾಡು ಎರಡೂ ಬಾಯಿಂದ ಹೊರಬಿದ್ದು ಒಂದು ಗಂಡಸಿನ ಕೋಟಾಗಿ, ಇನ್ನೊಂದು ಜೋಡಾಗಿ ಮನೆಯಲ್ಲಿ ಕಾಣಿಸಿಕೊಳ್ಳುತ್ತವೆ. ಗಂಡನಿಗೆ ಸಂಶಯ, ಜಗಳ. ಅವನು ಹೋಗಿ ಹನುಮಪ್ಪನ ಗುಡಿಯಲ್ಲಿ ಮಲಗುತ್ತಾನೆ. ಅಲ್ಲಿ ಊರ ದೀಪಗಳ ಕುಡಿಗಳು ರಾತ್ರಿ ಸೇರಿ ಮಾತಾಡುವಾಗ ಅವನಿಗೆ ನಿಜ ತಿಳಿಯುತ್ತದೆ. ನಾಟಕದ ಚೌಕಟ್ಟು ಇದೇ. ಕೋಟು ಜೋಡುಗಳನ್ನು ಮಾತ್ರ ಬಿಟ್ಟು, ಕಥೆಯನ್ನೇ ಸೀರೆಯುಟ್ಟ ಹೆಣ್ಣಾಗಿ ರಂಗಕ್ಕೆ ತಂದರು. ಶಾಲೆಗಳಲ್ಲಿ ಈ ನಾಟಕ ಆಡಿಸುವವರು ಸಮಯ ಸಾಲದೆಂದು ದೀಪಗಳ ದೃಶ್ಯವನ್ನೇ ಮೊದಲು ಕತ್ತರಿಸುತ್ತಾರೆ. ಆಗ ಉಳಿಯುವುದು ಹಾವಿನ ಪವಾಡ ಮಾತ್ರ.

ಅರಳಿಕಟ್ಟೆ:
ಬಹಳ ಉಪಯೋಗವಾಯಿತು. ಹಾಗಾದರೆ ಕಥೆ ದಾಖಲಿಸುವಾಗ ಹೆಸರಿಡಬಾರದು, ಪುನರುಕ್ತಿ ಕತ್ತರಿಸಬಾರದು ಎಂದಾಯಿತು. ಕೂತು ರೆಕಾರ್ಡ್ ಮಾಡುವ ಕ್ರಮ ಯಾರಾದರೂ ಹೇಳುತ್ತೀರಾ?

ಹೂಂಗುಟ್ಟವ:
ಹೇಳ್ತೀನ್ರಿ. ಫೋನ್ ಸಾಕು, ಬ್ಯಾರೆ ಯಂತ್ರ ಬೇಕಿಲ್ಲ. ಏರೋಪ್ಲೇನ್ ಮೋಡಿಗೆ ಹಾಕ್ರಿ, ಇಲ್ಲಾಂದ್ರ ನಡುವ ಕರೆ ಬಂದು ರೆಕಾರ್ಡಿಂಗ್ ನಿಂತುಬಿಡ್ತದ. ಹೇಳುವವರಿಂದ ಒಂದು ಮೊಳ ದೂರ, ಮಡಚಿದ ಅರಿವಿ ಮ್ಯಾಲೆ ಇಡ್ರಿ. ಬರೇ ನೆಲದ ಮ್ಯಾಲೆ ಇಟ್ರ ಪಾತ್ರಿ ಸಪ್ಪಳ ಎಲ್ಲಾ ಸೇರ್ತದ. ಫ್ಯಾನ್ ಬಂದ್ ಮಾಡ್ರಿ.

ಕಥಿ ಶುರು ಆಗೂ ಮೊದಲ ಊರು, ತಾರೀಖು, ಅವರ ವಯಸ್ಸು, ಕಥಿ ಯಾರಿಂದ ಕೇಳಿದ್ದು, ತವರುಮನಿದೋ ಗಂಡನಮನಿದೋ, ಇಷ್ಟು ಅವರ ದನಿಯೊಳಗ ಹೇಳಿಸ್ರಿ. ಹಾಳಿ ಕಳೀತದ, ದನಿ ಕಥಿ ಜೋಡಿ ಇರ್ತದ. ಹೆಸರು ಹಾಕಲಿಕ್ಕೆ ಒಪ್ಪಿಗಿ ಅದನೋ ಇಲ್ಲೋ, ಅದನ್ನೂ ಕೇಳ್ರಿ.

ಒಬ್ಬರ ಕೂತು ಹೇಳಿಸಬ್ಯಾಡ್ರಿ. ಹೂಂಗುಟ್ಟಲಿಕ್ಕೆ ಒಬ್ಬರಾದ್ರೂ ಬೇಕು, ಅದೂ ಕಥಿ ಗೊತ್ತಿರೂ ಹುಡುಗರಾದ್ರ ಛಲೋ. ಹೂಂ ಅನ್ನೋರು ಇಲ್ಲದಿದ್ರ ಹೇಳುವವರು ಸಾರಾಂಶ ಹೇಳಿ ಮುಗಿಸಿಬಿಡ್ತಾರ. ನೀವು ನಡುವ ತಿದ್ದಬ್ಯಾಡ್ರಿ, ‘ಮುಂದ ಏನಾತು’ ಅಂತನೂ ಅವಸರ ಮಾಡಬ್ಯಾಡ್ರಿ. ಎಂಟು ಹತ್ತು ದಿನ ಬಿಟ್ಟು ಅದೇ ಕಥಿ ಮತ್ತ ಹೇಳಿಸ್ರಿ. ಎರಡೂ ಸಲ ಬದಲಾಗದ ಮಾತು ಯಾವುದೋ ಅದು ಕಥಿಯ ಎಲುಬು. ಒಂದು ತಾಸಿನ ದನಿ ಬರೆದು ತೆಗೀಲಿಕ್ಕೆ ಐದಾರು ತಾಸು ಹಿಡೀತದ.

ರಾಮಾನುಜನ್ ಅವರದು ಒಂದು ಬಿಡಬೇಕಾದ್ದು ಅದ. ಇಂಗ್ಲಿಷಿನೊಳಗ ಬೆಳಗಾವಿ ಕಡೆ ಕಥಿನೂ ಮೈಸೂರ ಕಡೆ ಕಥಿನೂ ಒಂದ ದನಿಯೊಳಗ ಮಾತಾಡ್ತಾವ. ನೀವು ಬರೆಯೂದು ಕನ್ನಡದಾಗಾದ್ರ ‘ಹೇಳ್ಯಾಳ’ ಅಂದದ್ದನ್ನ ‘ಹೇಳಿದಳು’ ಅಂತ ತಿದ್ದಬ್ಯಾಡ್ರಿ.

ಬಯಲು:
ಇದಕ್ಕೆ ಒಂದು ಪುರಾವೆ ಸೇರಿಸುತ್ತೇನೆ. ರಾಮಾಯಣಗಳ ಕುರಿತ ಅವರ ಪ್ರಬಂಧ 2011ರಲ್ಲಿ ದೆಹಲಿ ವಿಶ್ವವಿದ್ಯಾಲಯದ ಪಠ್ಯದಿಂದ ಹೊರಬಿದ್ದ ಸುದ್ದಿ ಎಲ್ಲರಿಗೂ ಗೊತ್ತು. ಅದರೊಳಗೆ ಒಂದು ಕನ್ನಡ ಜನಪದ ರಾಮಾಯಣ ಇರುವುದು ಅಷ್ಟು ಜನಕ್ಕೆ ಗೊತ್ತಿಲ್ಲ. ಶಿವ ಕೊಟ್ಟ ಮಾವಿನಹಣ್ಣನ್ನು ರಾವುಳ (ರಾವಣ) ತಾನೇ ತಿಂದು ವಾಟೆಯನ್ನು ಹೆಂಡತಿಗೆ ಕೊಡುತ್ತಾನೆ. ಬಸಿರು ಅವನಿಗೇ ನಿಲ್ಲುತ್ತದೆ. ಒಂದು ದಿನ ಒಂದು ತಿಂಗಳಂತೆ ಬೆಳೆದು, ಒಂಬತ್ತನೆಯ ದಿನ ಸೀನಿದಾಗ ಮೂಗಿನಿಂದ ಮಗು ಬರುತ್ತದೆ. ಅವನು ‘ಸೀತ’ದ್ದರಿಂದ ಅವಳು ಸೀತೆ. ಆಡುಮಾತಿನಲ್ಲಿ ಸೀತ ಎಂದರೆ ಸೀನಿದ. ದಾಖಲಿಸಿದವರು ಅದನ್ನು ‘ಸೀನಿದನು’ ಎಂದು ಶುದ್ಧ ಮಾಡಿದ್ದರೆ ಅವಳ ಹೆಸರಿಗೆ ಕಾರಣವೇ ಉಳಿಯುತ್ತಿರಲಿಲ್ಲ.

ಒಲೆಯಮುಂದೆ:
ಬಂಧುವಾಚಕಗಳಿಗೂ ಇದೇ ಎಚ್ಚರ ಬೇಕು. ಗ್ರೀಕರ ಈಡಿಪಸ್ ಕಥೆಗೆ ಹೋಲುವ ಒಂದು ಕನ್ನಡ ಕಥೆಯನ್ನು ರಾಮಾನುಜನ್ ಚರ್ಚಿಸಿದ್ದಾರೆ. ತನ್ನ ಮಗನನ್ನೇ ಮದುವೆಯಾಗಿ ಅವನಿಂದ ಮಗು ಹೆರುತ್ತಾಳೆ ಎಂದು ಹಣೆಯಲ್ಲಿ ಬರೆದ ಹೆಣ್ಣಿನ ಕಥೆ. ಗ್ರೀಕರಲ್ಲಿ ಕಥೆ ಮಗನದು, ಇಲ್ಲಿ ತಾಯಿಯದು. ಅದೇ ಅವರು ಎತ್ತಿ ತೋರಿಸಿದ ವ್ಯತ್ಯಾಸ. ಕೊನೆಗೆ ನಿಜ ತಿಳಿದ ಅವಳು ತೊಟ್ಟಿಲ ತೂಗುತ್ತ ಹಾಡುವ ಜೋಗುಳದಲ್ಲಿ ಆ ಕೂಸನ್ನು ಮೂರು ಸಂಬಂಧ ಹೇಳಿ ಕರೆಯುತ್ತಾಳೆ: ಮಗ, ಮೊಮ್ಮಗ, ಗಂಡನ ತಮ್ಮ. ಮೂರನೆಯದಕ್ಕೆ ಇಂಗ್ಲಿಷಿನಲ್ಲಿರುವ ಒಂದೇ ಪದ ‘ಬ್ರದರ್-ಇನ್-ಲಾ’, ಅದು ಹೆಂಡತಿಯ ಅಣ್ಣತಮ್ಮಂದಿರಿಗೂ ಅಕ್ಕತಂಗಿಯರ ಗಂಡಂದಿರಿಗೂ ನಡೆಯುತ್ತದೆ. ಅದಕ್ಕೇ ಅವರು ಉದ್ದವಾದರೂ ‘ಬ್ರದರ್ ಟು ಮೈ ಹಸ್ಬೆಂಡ್’ ಎಂದು ಬಿಡಿಸಿ ಬರೆದರು. ಕನ್ನಡದಲ್ಲಿ ಬರೆಯುವವರಿಗೆ ಆ ಕಷ್ಟವಿಲ್ಲ. ಮಗ, ಮೊಮ್ಮಗ, ಮೈದುನ, ಮೂರೂ ‘ಮ’ದಿಂದಲೇ ಶುರು. ನಿಮ್ಮ ಕಥೆಯಲ್ಲಿ ಜೋಗುಳವೋ ಹಾಡೋ ಬಂದರೆ ಅದನ್ನು ಗದ್ಯದೊಳಗೆ ಸೇರಿಸಬೇಡಿ. ಸಾಲು ಬಿಡಿಸಿ, ಹಾಡಿದಷ್ಟು ಸಲವೂ ಪೂರ್ತಿ ಬರೆಯಿರಿ.